ತೈಲ ಬತ್ತಿದ ಮೇಲೆ ವೇದಿಕೆಯನ್ನು ಏನು ಮಾಡುವುದು? ಡಿಕಮಿಷನಿಂಗ್ ತೀರ್ಮಾನಕ್ಕೊಂದು ಸಮಗ್ರ ಮಾರ್ಗದರ್ಶಿ

ಸಮುದ್ರದಲ್ಲಿರುವ ತೈಲ ಅಥವಾ ಅನಿಲ ಸ್ಥಾವರ ಉತ್ಪಾದನೆ ನಿಲ್ಲಿಸಿದ ದಿನದಿಂದ ಒಂದು ಪ್ರಶ್ನೆ ಎದುರಾಗುತ್ತದೆ. ಅದನ್ನು ಪೂರ್ತಿ ಕಿತ್ತು ದಡಕ್ಕೆ ತರಬೇಕೇ, ಅರ್ಧ ಕತ್ತರಿಸಿ ಬುಡವನ್ನು ಬಿಡಬೇಕೇ, ಹೂಳಬೇಕೇ, ಇದ್ದ ಹಾಗೆಯೇ ಬಿಡಬೇಕೇ? ಬಳಕೆ ಮುಗಿದ ಸ್ಥಾವರದ ಈ ವಿಲೇವಾರಿಗೇ ಡಿಕಮಿಷನಿಂಗ್ ಎನ್ನುತ್ತಾರೆ. ಯಾವ ಉತ್ತರ ಆರಿಸಿದರೂ ಹೊರೆ ಯಾರೋ ಒಬ್ಬರ ಹೆಗಲಿಗೆ ಬೀಳುತ್ತದೆ. ತೆಗೆಯಲು ಹೊರಟರೆ ಕತ್ತರಿಸುವ, ಎತ್ತುವ ಕಾರ್ಮಿಕರ ಜೀವಕ್ಕೆ ಅಪಾಯ. ಬಿಟ್ಟರೆ ಮುಂದಿನ ನೂರು ವರ್ಷ ಅಲ್ಲಿ ಬಲೆ ಎಳೆಯುವ ಮೀನುಗಾರರಿಗೆ ಅಪಾಯ. ಖರ್ಚು ಕಂಪನಿಯದೆಂದು ಕಂಡರೂ ತೆರಿಗೆ ರಿಯಾಯಿತಿ ಇರುವ ದೇಶಗಳಲ್ಲಿ ಅದರ ಒಂದು ಪಾಲು ಜನರ ಬೊಕ್ಕಸದಿಂದಲೇ ಹೋಗುತ್ತದೆ.

ಇಂತಹ ತೀರ್ಮಾನಕ್ಕೆ ಬಳಸುವ ಕ್ರಮಕ್ಕೆ ತೌಲನಿಕ ಮೌಲ್ಯಮಾಪನ ಎಂದು ಹೆಸರು. ಆಯ್ಕೆಗಳನ್ನು ಪಟ್ಟಿ ಮಾಡಿ, ಮಾನದಂಡಗಳನ್ನು ಗೊತ್ತುಮಾಡಿ, ಪ್ರತಿಯೊಂದನ್ನೂ ಅಳೆದು ಹೋಲಿಸುವುದು ಅದರ ತಿರುಳು. ಹೇಳುವುದಕ್ಕೆ ಸುಲಭ, ಮಾಡುವಾಗ ಎಡವುವ ಜಾಗಗಳು ಹಲವು. ಈ ಮಾರ್ಗದರ್ಶಿ ಆ ಜಾಗಗಳ ಮೇಲೆಯೇ ಹೆಚ್ಚು ನಿಲ್ಲುತ್ತದೆ. ನನ್ನ ನಿಲುವು ಇಷ್ಟು: ನಿಮ್ಮ ತೀರ್ಮಾನವನ್ನು ಒಪ್ಪದವರೂ ಅದೇ ಕಡತ ತೆರೆದು, ಅದೇ ಲೆಕ್ಕವನ್ನು ಮತ್ತೆ ಮಾಡಿ, ತಮಗೆ ಎಲ್ಲಿ ಭಿನ್ನಾಭಿಪ್ರಾಯವಿದೆ ಎಂದು ಬೆರಳಿಟ್ಟು ತೋರಿಸುವಂತಿರಬೇಕು. ಅಷ್ಟು ಸಾಧ್ಯವಾಗದಿದ್ದರೆ ಅಂಕಪಟ್ಟಿ ಎಷ್ಟು ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ.

ಹಂತ 1: ಯಾವುದು ನಿಮ್ಮ ಆಯ್ಕೆಯಲ್ಲಿಲ್ಲ ಎಂದು ಮೊದಲು ತಿಳಿಯಿರಿ

ಹೋಲಿಕೆಗೆ ಇಳಿಯುವ ಮುನ್ನ ಕಾನೂನು ಏನನ್ನು ಈಗಾಗಲೇ ತೀರ್ಮಾನಿಸಿದೆ ಎಂದು ನೋಡಿ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1989ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 75 ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ ನಿಂತಿರುವ, ಮೇಲಿನ ಡೆಕ್ ಬಿಟ್ಟು 4,000 ಟನ್ನಿಗಿಂತ ಕಡಿಮೆ ತೂಗುವ ರಚನೆಯನ್ನು ಪೂರ್ತಿ ತೆಗೆಯಬೇಕು. 1998ರ ಜನವರಿ 1ರಿಂದೀಚೆಗೆ ಸ್ಥಾಪಿಸಿದ್ದಾದರೆ ಆ ಆಳದ ಮಿತಿ 100 ಮೀಟರ್. ಭಾಗಶಃ ತೆಗೆಯುವುದಾದರೆ ಉಳಿದ ಭಾಗದ ಮೇಲೆ ಹಡಗುಗಳಿಗಾಗಿ ಕನಿಷ್ಠ 55 ಮೀಟರ್ ತೆರವಾದ ನೀರು ಇರಬೇಕು.

ಈಶಾನ್ಯ ಅಟ್ಲಾಂಟಿಕ್‌ನಲ್ಲಿ ನಿಯಮ ಇನ್ನೂ ಬಿಗಿ. ಆ ಕಡಲಿನ ಪರಿಸರ ರಕ್ಷಣೆಗಾಗಿ ದೇಶಗಳು ಮಾಡಿಕೊಂಡ ಓಸ್ಪಾರ್ ಒಪ್ಪಂದದ 98/3ನೇ ನಿರ್ಣಯ ಬಳಕೆ ಮುಗಿದ ಸ್ಥಾವರಗಳನ್ನು ಸಮುದ್ರಕ್ಕೆ ಎಸೆಯುವುದನ್ನೂ ಇದ್ದಲ್ಲೇ ಬಿಡುವುದನ್ನೂ ನಿಷೇಧಿಸಿದೆ. ವಿನಾಯಿತಿ ಕೇಳಬಹುದಾದ ಪ್ರಕಾರಗಳು ಕೆಲವೇ: 1999ರ ಫೆಬ್ರುವರಿ 9ಕ್ಕೆ ಮುಂಚೆ ಸ್ಥಾಪಿಸಿದ, 10,000 ಟನ್ನಿಗಿಂತ ಹೆಚ್ಚು ತೂಗುವ ಉಕ್ಕಿನ ಜಾಕೆಟ್‌ಗಳ (ವೇದಿಕೆಯನ್ನು ಹೊತ್ತು ನಿಂತ ಚೌಕಟ್ಟುಗಳ) ಬುಡ, ತಮ್ಮ ಭಾರದಿಂದಲೇ ತಳದಲ್ಲಿ ನಿಂತಿರುವ ಕಾಂಕ್ರೀಟ್ ರಚನೆಗಳು, ಮತ್ತಿತರ ಕಾಂಕ್ರೀಟ್ ಬುಡಗಳು. ವೇದಿಕೆಯ ಮೇಲ್ಭಾಗ, ಅಂದರೆ ಟಾಪ್‌ಸೈಡ್, ದಡಕ್ಕೆ ಬರಲೇಬೇಕು. ಅದರ ಬಗ್ಗೆ ಹೋಲಿಕೆ ನಡೆಸುವುದು ಕಾಲಹರಣ. ಗಮನಿಸಿ, ಕೊಳವೆ ಮಾರ್ಗಗಳು ಈ ನಿರ್ಣಯದ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದಲೇ ನಿಜವಾದ ಚರ್ಚೆ ಹೆಚ್ಚಾಗಿ ನಡೆಯುವುದು ಕೊಳವೆಗಳ ಬಗ್ಗೆ ಮತ್ತು ದೊಡ್ಡ ಬುಡಗಳ ಬಗ್ಗೆ.

ಅಮೆರಿಕದ ಫೆಡರಲ್ ಜಲಪ್ರದೇಶದಲ್ಲಿ ಗುತ್ತಿಗೆ ಮುಗಿದ ಒಂದು ವರ್ಷದೊಳಗೆ ವೇದಿಕೆ ತೆಗೆಯಬೇಕು, ಕಂಬಗಳನ್ನು ಸಮುದ್ರತಳದಿಂದ 15 ಅಡಿ ಕೆಳಗೆ ಕತ್ತರಿಸಬೇಕು. ಆದರೆ ಅಲ್ಲಿ ಇನ್ನೊಂದು ಬಾಗಿಲೂ ತೆರೆದಿದೆ: ರಾಜ್ಯವೊಂದು ಒಡೆತನ ಮತ್ತು ಹೊಣೆ ವಹಿಸಿಕೊಳ್ಳಲು ಒಪ್ಪಿದರೆ ಜಾಕೆಟ್ಟನ್ನು ಕೃತಕ ಬಂಡೆಸಾಲಾಗಿ ಬಿಡಬಹುದು. ಮೆಕ್ಸಿಕೊ ಕೊಲ್ಲಿಯಲ್ಲಿ ಹೀಗೆ 500ಕ್ಕೂ ಹೆಚ್ಚು ವೇದಿಕೆಗಳು ಬಂಡೆಸಾಲುಗಳಾಗಿವೆ. ಒಂದೇ ಬಗೆಯ ಉಕ್ಕಿನ ಚೌಕಟ್ಟು ಒಂದು ಸಮುದ್ರದಲ್ಲಿ ಕಸ, ಇನ್ನೊಂದರಲ್ಲಿ ಮೀನುಗಳ ನೆಲೆ. ಹಾಗಾಗಿ ಬೇರೆ ಕಡೆಯ ವರದಿಯ ತೀರ್ಮಾನವನ್ನು ನಕಲು ಮಾಡಬೇಡಿ.

ಬಾವಿಗಳ ವಿಷಯ ಬೇಗ ಮುಗಿಯುತ್ತದೆ. ಅವನ್ನು ಸಿಮೆಂಟಿನ ತಡೆಗಳಿಂದ ಶಾಶ್ವತವಾಗಿ ಮುಚ್ಚಲೇಬೇಕು, ಬಿಡುವ ಆಯ್ಕೆ ಇಲ್ಲ. ಬ್ರಿಟನ್ನಿನ ಜಲಪ್ರದೇಶದಲ್ಲಿ ಒಟ್ಟು ಖರ್ಚಿನ ಸುಮಾರು ಅರ್ಧದಷ್ಟನ್ನು ಈ ಒಂದು ಕೆಲಸವೇ ನುಂಗುತ್ತದೆ. ಬಜೆಟ್ ಹಾಕುವಾಗ ಇದು ಮುಖ್ಯ, ಹೋಲಿಕೆಯ ಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ.

ಹಂತ 2: ನಿಜವಾಗಿ ಅಲ್ಲಿ ಏನಿದೆ?

ಮೂವತ್ತು, ನಲವತ್ತು ವರ್ಷದ ಹಿಂದಿನ ನಕ್ಷೆಯನ್ನು ನಂಬಿ ಲೆಕ್ಕ ಶುರು ಮಾಡಬಾರದು. ಅನಂತರ ಸೇರಿಸಿದ ಉಪಕರಣ, ಬದಲಿಸಿದ ಕೊಳವೆ, ಕಾಲುಗಳಿಗೆ ಅಂಟಿ ಬೆಳೆದ ಕಡಲಜೀವಿಗಳ ಭಾರ ಇವೆಲ್ಲ ಎತ್ತುವ ತೂಕವನ್ನೇ ಬದಲಿಸುತ್ತವೆ. ಸ್ಥಳ ಪರಿಶೀಲನೆ ಮಾಡಿಸಿ ದಾಸ್ತಾನು ಪಟ್ಟಿ ಸಿದ್ಧಪಡಿಸಿ. ಉಕ್ಕು, ಕಾಂಕ್ರೀಟ್, ಕಲ್ನಾರು, ಪಾದರಸ, ಕೊಳವೆಗಳ ಒಳಗೆ ಗಟ್ಟಿಯಾಗಿರುವ ನೈಸರ್ಗಿಕ ವಿಕಿರಣಯುಕ್ತ ಚಕ್ಕೆ, ಉಳಿದ ತೈಲ ಇವುಗಳ ಪ್ರಮಾಣವಷ್ಟೇ ಅಲ್ಲ, ಆ ಅಂಕಿ ಅಳತೆಯಿಂದ ಬಂದಿದೆಯೋ ಅಂದಾಜಿನಿಂದ ಬಂದಿದೆಯೋ ಎಂಬುದನ್ನೂ ಬರೆಯಿರಿ.

ಅಳತೆ ಎಷ್ಟು ಕಷ್ಟ ಎಂಬುದಕ್ಕೆ ಉತ್ತರ ಸಮುದ್ರದ ಬ್ರೆಂಟ್ ಕ್ಷೇತ್ರ ಸಾಕ್ಷಿ. ಅಲ್ಲಿನ ಮೂರು ಕಾಂಕ್ರೀಟ್ ವೇದಿಕೆಗಳು ತಲಾ ಸುಮಾರು 3 ಲಕ್ಷ ಟನ್ ತೂಗುತ್ತವೆ, ಅವುಗಳ ಬುಡದಲ್ಲಿ ಒಟ್ಟು 64 ಟೊಳ್ಳು ತೊಟ್ಟಿಯಂತಹ ಕೋಶಗಳಿವೆ. ಒಳಗಿನ ಕೆಸರಿನಲ್ಲಿ ಏನಿದೆ ಎಂದು ತಿಳಿಯದೆ ಬಿಡುವ ಪ್ರಸ್ತಾವವನ್ನು ಯಾರೂ ಒಪ್ಪುವಂತಿರಲಿಲ್ಲ. ಮಾದರಿ ತೆಗೆಯುವ ವಿಧಾನವನ್ನೇ ಹೊಸದಾಗಿ ರೂಪಿಸಬೇಕಾಯಿತು.

ವೇದಿಕೆಯ ಕೆಳಗೆ ರಾಶಿಬಿದ್ದಿರುವ ಕೊರೆತದ ಕಲ್ಲುಪುಡಿಯನ್ನೂ ಮರೆಯಬಾರದು. ಹಳೆಯ ರಾಶಿಗಳಲ್ಲಿ ತೈಲಾಧಾರಿತ ಕೊರೆತ ದ್ರವ ಬೆರೆತಿರುತ್ತದೆ. ಓಸ್ಪಾರ್ ಪ್ರದೇಶದಲ್ಲಿ ಇದಕ್ಕೆ ಎರಡು ಮಿತಿಗಳಿವೆ: ರಾಶಿಯಿಂದ ವರ್ಷಕ್ಕೆ 10 ಟನ್ನಿಗಿಂತ ಹೆಚ್ಚು ತೈಲ ಸೋರುತ್ತಿದೆಯೇ, ಕಲುಷಿತ ವಿಸ್ತೀರ್ಣ ಮತ್ತು ಅದು ಉಳಿಯುವ ಕಾಲವನ್ನು ಗುಣಿಸಿದರೆ 500 ಚದರ ಕಿಲೋಮೀಟರ್-ವರ್ಷ ಮೀರುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ ರಾಶಿಯನ್ನು ಕೆದಕದೆ ಬಿಡುವುದು ಸಾಮಾನ್ಯ. ಆದರೆ ಜಾಕೆಟ್‌ನ ಬುಡ ತೆಗೆಯಲು ಆ ರಾಶಿಯನ್ನೇ ಅಗೆಯಬೇಕಾದರೆ ರಾಶಿಯ ಪ್ರಶ್ನೆ, ಬುಡದ ಪ್ರಶ್ನೆ ಎರಡೂ ಒಂದಾಗುತ್ತವೆ. ಅವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟು ತೀರ್ಮಾನಿಸಬೇಡಿ.

ಹಂತ 3: ಆಯ್ಕೆಗಳನ್ನು ಬಿಡಿಸಿ ಬರೆಯಿರಿ

"ಪೂರ್ಣ ತೆಗೆಯುವಿಕೆ" ಎಂಬುದು ಒಂದು ಆಯ್ಕೆಯಲ್ಲ, ಹಲವು ವಿಧಾನಗಳಿಗೆ ಇಟ್ಟ ಒಂದೇ ಹೆಸರು. ತುಂಡು ತುಂಡಾಗಿ ಕತ್ತರಿಸಿ ತರುವುದು, ಭಾಗಗಳಾಗಿ ಎತ್ತುವುದು, ಇಡಿಯಾಗಿ ಒಮ್ಮೆಗೇ ಎತ್ತುವುದು ಇವುಗಳ ಅಪಾಯ ಮತ್ತು ಖರ್ಚು ತೀರಾ ಬೇರೆ. 2017ರಲ್ಲಿ ಪಯನಿಯರಿಂಗ್ ಸ್ಪಿರಿಟ್ ಎಂಬ ಹಡಗು ಬ್ರೆಂಟ್ ಡೆಲ್ಟಾ ವೇದಿಕೆಯ 24,000 ಟನ್ ತೂಕದ ಮೇಲ್ಭಾಗವನ್ನು ಒಂದೇ ಸಲಕ್ಕೆ ಎತ್ತಿತು. ಅದರಿಂದ ಸಮುದ್ರದ ಮೇಲೆ ಕಾರ್ಮಿಕರು ಮಾಡಬೇಕಿದ್ದ ಕತ್ತರಿಸುವ ಕೆಲಸದ ಬಹುಪಾಲು ದಡಕ್ಕೆ ವರ್ಗವಾಯಿತು. ಅಂತಹ ಹಡಗು ಇಲ್ಲದ ಕಾಲದ ಅಪಾಯದ ಅಂಕಿಗಳನ್ನು ಇಂದಿನ ಹೋಲಿಕೆಯಲ್ಲಿ ಬಳಸುವುದು ಅನ್ಯಾಯ.

ಮರುಬಳಕೆಯ ಆಯ್ಕೆಯನ್ನು, ಅದು ಕೈಗೂಡುವುದು ಅಪರೂಪವಾದರೂ, ಪ್ರಾಮಾಣಿಕವಾಗಿ ಪರಿಶೀಲಿಸಿ. ಅನಂತರ ಕಾನೂನಿಗೆ ಅಥವಾ ಭೌತಿಕ ಸಾಧ್ಯತೆಗೆ ಹೊಂದದವನ್ನು ಕೈಬಿಡಿ, ಕೈಬಿಟ್ಟ ಕಾರಣವನ್ನು ಎರಡು ಸಾಲಿನಲ್ಲಿ ದಾಖಲಿಸಿ. ಈ ಹಂತದಲ್ಲಿ "ದುಬಾರಿ" ಎಂಬ ಕಾರಣಕ್ಕೆ ಯಾವುದನ್ನೂ ತೆಗೆಯಬಾರದು. ಹಾಗೆ ತೆಗೆದರೆ ಖರ್ಚು ಎಂಬ ಮಾನದಂಡ ಹಿಂಬಾಗಿಲಿನಿಂದ ಬಂದು ಉಳಿದೆಲ್ಲದರ ಮುಂದೆ ಕುಳಿತಂತಾಗುತ್ತದೆ.

ಹಂತ 4: ಮಾನದಂಡಗಳು

ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಐದು ಮಾನದಂಡಗಳು ಬೇರೆಡೆಗೂ ಒಳ್ಳೆಯ ಆರಂಭ: ಸುರಕ್ಷತೆ, ಪರಿಸರ, ತಾಂತ್ರಿಕ ಸಾಧ್ಯತೆ, ಸಮಾಜ, ಆರ್ಥಿಕತೆ. ಪ್ರತಿಯೊಂದರ ಕೆಳಗೆ ಉಪಮಾನದಂಡಗಳು ಬರುತ್ತವೆ. ಅಲ್ಲಿ ಒಂದೇ ಸಂಗತಿಯನ್ನು ಎರಡು ಸಲ ಎಣಿಸುವ ಅಪಾಯವಿದೆ. ಮೀನುಗಾರರ ಬಲೆ ಸಿಕ್ಕಿಕೊಳ್ಳುವುದನ್ನು ಸುರಕ್ಷತೆಯಲ್ಲೂ ಸಮಾಜದಲ್ಲೂ ಬರೆದರೆ ಅದಕ್ಕೆ ಇಮ್ಮಡಿ ಬೆಲೆ ಬಂತು. ಸುರಕ್ಷತೆಯಲ್ಲಿ ಪ್ರಾಣಾಪಾಯ, ಸಮಾಜದಲ್ಲಿ ಕಳೆದುಹೋದ ಮೀನುಗಾರಿಕೆ ಪ್ರದೇಶ ಎಂದು ಗೆರೆ ಎಳೆದು ಬೇರ್ಪಡಿಸಿ.

ಇಂಗಾಲದ ಲೆಕ್ಕದಲ್ಲೂ ಒಂದು ರೂಢಿ ತಿಳಿದಿರಲಿ. ಉಕ್ಕನ್ನು ಸಮುದ್ರದಲ್ಲೇ ಬಿಟ್ಟರೆ ಹಡಗಿನ ಇಂಧನ ಉಳಿಯುತ್ತದೆ, ಆದರೆ ಮರುಬಳಕೆಗೆ ಸಿಗಬೇಕಿದ್ದ ಆ ಉಕ್ಕಿನ ಬದಲಿಗೆ ಹೊಸ ಉಕ್ಕು ತಯಾರಿಸುವ ಹೊಗೆಯನ್ನು ಬಿಡುವ ಆಯ್ಕೆಯ ಖಾತೆಗೇ ಬರೆಯುತ್ತಾರೆ. ಈ ರೂಢಿ ಸರಿ ಎಂದೇ ನನ್ನ ಅಭಿಪ್ರಾಯ, ಆದರೆ ಅದನ್ನು ಸೇರಿಸಿದ ಮತ್ತು ಬಿಟ್ಟ ಎರಡೂ ಮೊತ್ತಗಳನ್ನು ತೋರಿಸಿ.

ಹಂತ 5: ಅಪಾಯವನ್ನು ಅಳೆಯುವುದು, ಒಂದು ಕೊಳವೆಯ ಉದಾಹರಣೆಯೊಂದಿಗೆ

ಪ್ರಾಣಾಪಾಯವನ್ನು ಸಂಭವನೀಯ ಜೀವಹಾನಿ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದು ಬಗೆಯ ಕೆಲಸದಲ್ಲಿ 10 ಕೋಟಿ ಮಾನವ-ಗಂಟೆಗೆ ಎಷ್ಟು ಸಾವು ಎಂಬ ದರವನ್ನು, ಆ ಕೆಲಸಕ್ಕೆ ಬೇಕಾದ ಗಂಟೆಗಳಿಂದ ಗುಣಿಸಿ 10 ಕೋಟಿಯಿಂದ ಭಾಗಿಸಿದರೆ ಅದು ಸಿಗುತ್ತದೆ. ದರ 10 ಎಂದಿಟ್ಟುಕೊಳ್ಳಿ, ಕೆಲಸ 2 ಲಕ್ಷ ಗಂಟೆ ಹಿಡಿಯುತ್ತದೆ ಎನ್ನಿ, ಉತ್ತರ 0.02. ಡೈವರ್‌ಗಳ ಕೆಲಸದ ದರ ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಎಲ್ಲ ಗಂಟೆಗಳನ್ನೂ ಒಂದೇ ದರದಲ್ಲಿ ಸುತ್ತಿಬಿಡಬೇಡಿ.

ಈಗ ಒಂದು ಕಲ್ಪಿತ ಕೊಳವೆ ಮಾರ್ಗವನ್ನು ನೋಡೋಣ. ಉದ್ದ 18 ಕಿಲೋಮೀಟರ್, ಅದರಲ್ಲಿ 3 ಕಿಲೋಮೀಟರ್ ತಳದ ಮೇಲೆ ತೆರೆದುಕೊಂಡಿದೆ. ನಾಲ್ಕು ಆಯ್ಕೆಗಳಿವೆ, ಎಲ್ಲ ಅಂಕಿಗಳೂ ಉದಾಹರಣೆಗಾಗಿ ಇಟ್ಟುಕೊಂಡವು:

ಪೂರ್ತಿ ಕತ್ತರಿಸಿ ತೆಗೆಯುವುದು: ಕಾರ್ಮಿಕರಿಗೆ 0.030, ಮೀನುಗಾರರಿಗೆ 0.
ತೆರೆದ ಭಾಗವನ್ನು ಕಂದಕ ತೋಡಿ ಹೂಳುವುದು: ಕಾರ್ಮಿಕರಿಗೆ 0.006, ಮೀನುಗಾರರಿಗೆ 0.004.
ತೆರೆದ ಭಾಗದ ಮೇಲೆ ಕಲ್ಲು ಸುರಿಯುವುದು: ಕಾರ್ಮಿಕರಿಗೆ 0.004, ಮೀನುಗಾರರಿಗೆ 0.003.
ಹಾಗೆಯೇ ಬಿಟ್ಟು ಸಮೀಕ್ಷೆ ನಡೆಸುವುದು: ಕಾರ್ಮಿಕರಿಗೆ 0.001, ಮೀನುಗಾರರಿಗೆ 0.050.

ಮೀನುಗಾರರ ಅಂಕಿ ನೂರು ವರ್ಷದ ಒಟ್ಟು ಮೊತ್ತ. ಕಾರ್ಮಿಕರನ್ನಷ್ಟೇ ನೋಡಿದರೆ ಹಾಗೆಯೇ ಬಿಡುವುದು ಅತ್ಯುತ್ತಮ. ಇಬ್ಬರನ್ನೂ ಕೂಡಿದರೆ ಅದೇ ಅತಿ ಕೆಟ್ಟದ್ದು: 0.051. ಬಿಡುವ ಆಯ್ಕೆಯನ್ನು ಸುರಕ್ಷಿತ ಎಂದು ಸಾರುವ ವರದಿ ಸಿಕ್ಕಿದರೆ ಮೊದಲು ಈ ಎರಡನೇ ಅಂಕಿಯನ್ನು ಹುಡುಕಿ. ಇದು ಕಾಗದದ ಮೇಲಿನ ಅಪಾಯವಲ್ಲ. 1997ರಲ್ಲಿ ವೆಸ್ಟ್‌ಹೇವನ್ ಎಂಬ ಸ್ಕಾಟ್ಲೆಂಡಿನ ಮೀನುಗಾರಿಕಾ ದೋಣಿಯ ಟ್ರಾಲ್ ಬಲೆಯ ಸಾಧನ ಉತ್ತರ ಸಮುದ್ರದ ಕೊಳವೆಯೊಂದಕ್ಕೆ ಸಿಕ್ಕಿಕೊಂಡು ದೋಣಿ ಮುಳುಗಿತು, ನಾಲ್ವರು ಸತ್ತರು.

ಇನ್ನು ಹೂಳುವುದು ಮತ್ತು ಕಲ್ಲು ಸುರಿಯುವುದರ ನಡುವೆ 0.010 ಮತ್ತು 0.007. ಈ ವ್ಯತ್ಯಾಸಕ್ಕೆ ಅರ್ಥವಿಲ್ಲ, ಏಕೆಂದರೆ ಮೂಲ ದರಗಳಲ್ಲಿರುವ ಅನಿಶ್ಚಿತತೆ ಅದಕ್ಕಿಂತ ದೊಡ್ಡದು. ಸುರಕ್ಷತೆಯಲ್ಲಿ ಇವೆರಡೂ ಸಮ ಎಂದು ಬರೆದು ಮುಂದೆ ಹೋಗಿ. ನಿಜವಾಗಿ ತೀರ್ಮಾನಿಸುವುದು ಬೇರೆ ಸಂಗತಿಗಳು: ಅಲ್ಲಿನ ಮಣ್ಣು ಕಂದಕ ತೋಡಲು ಒಗ್ಗುತ್ತದೆಯೇ, ಹೂಳಿದ್ದು ಪ್ರವಾಹಕ್ಕೆ ಮತ್ತೆ ತೆರೆದುಕೊಳ್ಳುತ್ತದೆಯೇ? ಕಲ್ಲು ಸುರಿದರೆ ಮೆತ್ತನೆಯ ತಳ ಆ ಜಾಗದಲ್ಲಿ ಶಾಶ್ವತವಾಗಿ ಕಲ್ಲುತಳವಾಗುತ್ತದೆ, ಕಂದಕ ತೋಡಿದರೆ ಕದಡಿದ ತಳ ಕಾಲಕ್ರಮೇಣ ಚೇತರಿಸಿಕೊಳ್ಳುತ್ತದೆ. ಈ ವಾಕ್ಯಗಳು ಅಂಕಗಳಿಗಿಂತ ಹೆಚ್ಚು ಹೇಳುತ್ತವೆ.

ಹಂತ 6: ಅಂಕ ಕೊಡುವ ವಿಧಾನವನ್ನು ಆರಿಸಿಕೊಳ್ಳುವುದು

ಸರಳ ಪ್ರಕರಣಕ್ಕೆ ಕೆಂಪು, ಹಳದಿ, ಹಸಿರು ಬಣ್ಣದ ಪಟ್ಟಿ ಮತ್ತು ಜೊತೆಗೆ ವಿವರಣೆ ಸಾಕು. ಆಯ್ಕೆಗಳು ಹತ್ತಿರ ಹತ್ತಿರವಿದ್ದರೆ ಬಹುಮಾನದಂಡ ವಿಶ್ಲೇಷಣೆ ಬೇಕಾಗುತ್ತದೆ. ಅದರಲ್ಲಿ ಅತಿ ಸರಳವಾದದ್ದು ಪ್ರತಿ ಮಾನದಂಡದ ಅಂಕವನ್ನು ಅದಕ್ಕೆ ಕೊಟ್ಟ ತೂಕದಿಂದ, ಅಂದರೆ ವೇಟೇಜ್‌ನಿಂದ, ಗುಣಿಸಿ ಕೂಡುವ ವಿಧಾನ. ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೋಸೆಸ್) ವಿಧಾನದಲ್ಲಿ ಮಾನದಂಡಗಳನ್ನು ಎರಡೆರಡಾಗಿ 1ರಿಂದ 9ರ ಅಳತೆಯಲ್ಲಿ ಹೋಲಿಸುತ್ತಾರೆ. ಉತ್ತರಗಳಲ್ಲಿ ವಿರೋಧವಿದೆಯೇ ಎಂದು ತಿಳಿಯಲು ಸುಸಂಗತತೆಯ ಅನುಪಾತವಿದೆ, ಅದು 0.1 ಮೀರಿದರೆ ಹೋಲಿಕೆಯನ್ನು ಮರುಪರಿಶೀಲಿಸಬೇಕು. ಟಾಪ್ಸಿಸ್ ವಿಧಾನ ಪ್ರತಿ ಆಯ್ಕೆಯೂ ಆದರ್ಶದಿಂದ ಎಷ್ಟು ದೂರ, ಅತಿ ಕೆಟ್ಟದ್ದರಿಂದ ಎಷ್ಟು ದೂರ ಎಂದು ಅಳೆಯುತ್ತದೆ. ಇಲೆಕ್ಟ್ರೆ ಮಾದರಿಯ ವಿಧಾನಗಳ ಗುಣವೆಂದರೆ, ಒಂದು ಮಾನದಂಡದಲ್ಲಿ ತೀರಾ ಕೆಟ್ಟಿರುವ ಆಯ್ಕೆ ಉಳಿದವುಗಳ ಬಲದಿಂದ ಮೇಲೇರದಂತೆ ಅಲ್ಲಿ ತಡೆ ಹಾಕಬಹುದು. ಜೀವದ ಪ್ರಶ್ನೆ ಇರುವಲ್ಲಿ ಆ ತಡೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಆದರೆ ಎಲ್ಲ ವಿಧಾನಗಳಿಗಿಂತ ಮುಖ್ಯವಾದದ್ದು ಅಳತೆಯ ಶ್ರೇಣಿ, ಮತ್ತು ಹೆಚ್ಚಿನ ತಂಡಗಳು ಎಡವುವುದು ಇಲ್ಲೇ. ಮೇಲಿನ ಕೊಳವೆಯ ಕಾರ್ಮಿಕ ಅಪಾಯವನ್ನು 0ರಿಂದ 100ರ ಅಂಕಕ್ಕೆ ಬದಲಿಸಿ. ಅತಿ ಕೆಟ್ಟ 0.030ಕ್ಕೆ 0, ಅತಿ ಒಳ್ಳೆಯ 0.001ಕ್ಕೆ 100. ಹೂಳುವುದಕ್ಕೆ ಸುಮಾರು 83, ಕಲ್ಲು ಸುರಿಯುವುದಕ್ಕೆ ಸುಮಾರು 90 ಬರುತ್ತದೆ. ಅಂತರ 7. ಈಗ ಉಳಿದ ಎರಡು ಆಯ್ಕೆಗಳನ್ನು ಪಟ್ಟಿಯಿಂದ ತೆಗೆದು ಮತ್ತೆ ಲೆಕ್ಕ ಮಾಡಿ. ಹೂಳುವುದಕ್ಕೆ 0, ಕಲ್ಲಿಗೆ 100! ಅಪಾಯ ಎಳ್ಳಷ್ಟೂ ಬದಲಾಗಿಲ್ಲ, ಅಂತರ ಮಾತ್ರ 7ರಿಂದ 100ಕ್ಕೆ ಹಾರಿತು. ವೇಟೇಜ್ ಶೇ 25 ಇದ್ದರೆ ಮೊದಲ ಪಟ್ಟಿಯಲ್ಲಿ ಕಲ್ಲಿಗೆ ಎರಡು ಅಂಕಕ್ಕೂ ಕಡಿಮೆ ಲಾಭ, ಎರಡನೆಯದರಲ್ಲಿ 25 ಅಂಕ. ಸೋಲುವುದೆಂದು ಗೊತ್ತಿರುವ ಆಯ್ಕೆಯೊಂದನ್ನು ಸೇರಿಸಿ ಅಥವಾ ತೆಗೆದು ಗೆಲ್ಲುವವರನ್ನೇ ಬದಲಿಸಬಹುದು ಎಂದರ್ಥ.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಅಳತೆಯ ಎರಡು ತುದಿಗಳನ್ನು ಆಯ್ಕೆಗಳಿಂದ ತೆಗೆದುಕೊಳ್ಳದೆ ಮೊದಲೇ ನಿಗದಿ ಮಾಡಿ. ಇನ್ನೊಂದು, "ಸುರಕ್ಷತೆ ಎಷ್ಟು ಮುಖ್ಯ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ "ತುಂಬಾ" ಎಂದೇ ಹೇಳುತ್ತಾರೆ. "0.030ರಿಂದ 0.001ಕ್ಕೆ ಇಳಿಸುವುದು ನಿಮಗೆ ಮುಖ್ಯವೋ, 3 ಕಿಲೋಮೀಟರ್ ತಳವನ್ನು ಕಲ್ಲಾಗದಂತೆ ಉಳಿಸುವುದು ಮುಖ್ಯವೋ?" ಎಂದು ಕೇಳಿ. ವೇಟೇಜ್ ಈ ನಿರ್ದಿಷ್ಟ ಏರಿಳಿತಕ್ಕೆ ಕೊಡುವ ಬೆಲೆ, ಪದಕ್ಕೆ ಕೊಡುವ ಗೌರವವಲ್ಲ.

ಹಂತ 7: ಜನರನ್ನು ಯಾವಾಗ ಕರೆಯಬೇಕು?

ವೇಟೇಜ್ ನಿಗದಿಯಾಗುವ ಮುನ್ನ. ಉತ್ತರ ಬಂದ ಮೇಲೆ ಕರೆದರೆ ಅದು ಸಮಾಲೋಚನೆಯಲ್ಲ, ಪ್ರಕಟಣೆ.

1995ರ ಬ್ರೆಂಟ್ ಸ್ಪಾರ್ ಪ್ರಕರಣ ಇದನ್ನು ಕಲಿಸಿತು. ತೈಲ ಸಂಗ್ರಹದ ಆ ತೇಲುಗಂಬವನ್ನು ಆಳ ಸಮುದ್ರದಲ್ಲಿ ಮುಳುಗಿಸುವುದು ಉತ್ತಮ ಎಂದು ಶೆಲ್ ಕಂಪನಿಯ ಅಧ್ಯಯನಗಳು ಹೇಳಿದ್ದವು, ಬ್ರಿಟಿಷ್ ಸರ್ಕಾರವೂ ಒಪ್ಪಿತ್ತು. ಗ್ರೀನ್‌ಪೀಸ್ ಕಾರ್ಯಕರ್ತರು ಅದನ್ನು ಹತ್ತಿ ಕುಳಿತರು, ಜರ್ಮನಿಯಲ್ಲಿ ಗ್ರಾಹಕರು ಕಂಪನಿಯ ಬಂಕ್‌ಗಳನ್ನು ಬಹಿಷ್ಕರಿಸಿದರು, ಜೂನ್ ತಿಂಗಳಲ್ಲಿ ಕಂಪನಿ ಹಿಂದೆ ಸರಿಯಿತು. ಅದರಲ್ಲಿ 5,500 ಟನ್ ತೈಲ ಉಳಿದಿದೆ ಎಂಬ ಗ್ರೀನ್‌ಪೀಸ್ ಅಂದಾಜು ತಪ್ಪಾಗಿತ್ತು, ಸಂಸ್ಥೆ ಕ್ಷಮೆಯನ್ನೂ ಕೇಳಿತು. ಸ್ಪಾರ್‌ನ ಭಾಗಗಳು ಕೊನೆಗೆ ನಾರ್ವೆಯ ಮೆಕ್ಯಾರ್ವಿಕ್‌ನಲ್ಲಿ ಹಡಗುಕಟ್ಟೆಯ ತಳಪಾಯವಾದವು. ಅಂಕಿ ತಪ್ಪಿತ್ತು ಎಂಬುದಷ್ಟನ್ನೇ ಹಿಡಿದು ಕಂಪನಿಯೇ ಸರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಮುದ್ರ ಎಸೆಯುವ ಜಾಗವೇ ಎಂಬ ಜನರ ಪ್ರಶ್ನೆಗೆ ಆ ಅಧ್ಯಯನಗಳಲ್ಲಿ ಸ್ಥಾನವೇ ಇರಲಿಲ್ಲ.

ಮೀನುಗಾರರ ಸಂಘಟನೆ, ಪರಿಸರ ಸಂಸ್ಥೆ, ಕಾರ್ಮಿಕ ಸಂಘ, ಬಂದರು ಆಡಳಿತ, ನಿಯಂತ್ರಕರು ಇವರನ್ನು ಆಯ್ಕೆಗಳ ಪಟ್ಟಿ ಕರಡು ಆಗಿರುವಾಗಲೇ ಕೂರಿಸಿ. ಎಲ್ಲರ ವೇಟೇಜ್‌ಗಳ ಸರಾಸರಿ ತೆಗೆಯಬೇಡಿ. ಸರಾಸರಿಯಲ್ಲಿ ಭಿನ್ನಾಭಿಪ್ರಾಯ ಕರಗಿಹೋಗುತ್ತದೆ. ಪ್ರತಿ ಗುಂಪಿನ ವೇಟೇಜ್ ಹಾಕಿ ಬೇರೆ ಬೇರೆ ಫಲಿತಾಂಶ ತೋರಿಸಿ. ಎಲ್ಲ ಗುಂಪುಗಳಲ್ಲೂ ಒಂದೇ ಆಯ್ಕೆ ಮೇಲೆ ಬಂದರೆ ಕೆಲಸ ಹಗುರ, ಬರದಿದ್ದರೆ ವಾದ ಯಾವ ಮಾನದಂಡದ ಮೇಲೆ ಎಂಬುದಾದರೂ ಸ್ಪಷ್ಟವಾಗುತ್ತದೆ.

ಹಂತ 8: ಉತ್ತರವನ್ನು ಅಲ್ಲಾಡಿಸಿ ನೋಡಿ

ಒಂದೊಂದು ವೇಟೇಜನ್ನೂ ಏರಿಸಿ ಇಳಿಸಿ, ಯಾವ ಬಿಂದುವಿನಲ್ಲಿ ಮೊದಲ ಸ್ಥಾನ ಕೈಬದಲಾಗುತ್ತದೆ ಎಂದು ಗುರುತಿಸಿ. ಖರ್ಚಿನ ಆರಂಭಿಕ ಅಂದಾಜು ಕೊನೆಗೆ ಇಮ್ಮಡಿಯಾಗುವುದುಂಟು, ಆದ್ದರಿಂದ ಒಂದೇ ಮೊತ್ತದ ಬದಲು ಕೆಳಮಿತಿ, ಮೇಲ್ಮಿತಿ ಇಟ್ಟು ಮಾಂಟೆ ಕಾರ್ಲೊ ವಿಧಾನದಲ್ಲಿ, ಅಂದರೆ ಆ ಮಿತಿಗಳ ನಡುವೆ ಮೊತ್ತಗಳನ್ನು ಯಾದೃಚ್ಛಿಕವಾಗಿ ಆರಿಸುತ್ತ, ಸಾವಿರಾರು ಬಾರಿ ಲೆಕ್ಕ ಹಾಕಿಸಿ. ಕೊನೆಯಲ್ಲಿ ಖರ್ಚಿನ ಮಾನದಂಡವನ್ನು ಪೂರ್ತಿ ತೆಗೆದು ಒಮ್ಮೆ ನೋಡಿ. ಆಗಲೂ ಅದೇ ಆಯ್ಕೆ ಗೆದ್ದರೆ ಸಾರ್ವಜನಿಕರ ಮುಂದೆ ಧೈರ್ಯದಿಂದ ನಿಲ್ಲಬಹುದು. ಸೋತರೆ ಹಣವೇ ತೀರ್ಮಾನಿಸಿತು ಎಂದು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಹಣ ಉಳಿಸುವುದು ಅಪರಾಧವಲ್ಲ, ಅದನ್ನು ಪರಿಸರದ ಹೆಸರಿನಲ್ಲಿ ಮುಚ್ಚಿಡುವುದು ತಪ್ಪು.

ಹಂತ 9: ದಾಖಲೆ, ಹೊಣೆ, ಕಾವಲು

ತೀರ್ಮಾನದ ಕಡತದಲ್ಲಿ ಕೈಬಿಟ್ಟ ಆಯ್ಕೆಗಳು, ಎಲ್ಲ ಅಂಕಿಗಳ ಮೂಲ, ಭಿನ್ನಮತದ ಟಿಪ್ಪಣಿಗಳು ಇರಲಿ. ಬಿಡುವ ಯಾವ ಆಯ್ಕೆಗೂ ಕೊನೆಯ ದಿನಾಂಕವಿಲ್ಲ, ಆದ್ದರಿಂದ ಹೊಣೆ ಯಾರದ್ದು ಎಂಬ ಪ್ರಶ್ನೆಗೂ ಕೊನೆಯಿಲ್ಲ. ಆಸ್ಟ್ರೇಲಿಯಾದ ನಾರ್ದರ್ನ್ ಎಂಡೆವರ್ ಎಂಬ ತೇಲುವ ಉತ್ಪಾದನಾ ಹಡಗಿನ ಮಾಲೀಕ ಕಂಪನಿ ದಿವಾಳಿಯಾದಾಗ ಅದನ್ನು ಕಳಚುವ ಕೆಲಸ ಸರ್ಕಾರದ ತಲೆಗೆ ಬಂತು. ಕೊನೆಗೆ ಆ ಖರ್ಚಿಗಾಗಿ ಕಡಲಾಚೆಯ ಉತ್ಪಾದಕರೆಲ್ಲರ ಮೇಲೂ ಬ್ಯಾರೆಲ್‌ಗೆ 48 ಸೆಂಟ್ ತೆರಿಗೆ ಹಾಕಲಾಯಿತು. ಹಳೆಯ ಕ್ಷೇತ್ರವನ್ನು ಸಣ್ಣ ಕಂಪನಿಗೆ ಮಾರುವಾಗಲೇ ಹಣಕಾಸಿನ ಭದ್ರತೆ ಕೇಳಬೇಕು, ತೀರ್ಮಾನದ ದಿನ ಕೇಳಿದರೆ ತಡವಾಗಿರುತ್ತದೆ.

ಕಾವಲಿನ ಯೋಜನೆಯಲ್ಲಿ ಮೊದಲ ಸಮೀಕ್ಷೆ ಯಾವ ವರ್ಷ, ಅನಂತರ ಎಷ್ಟು ವರ್ಷಕ್ಕೊಮ್ಮೆ, ಉಳಿದ ಭಾಗದ ನಿಖರ ಸ್ಥಾನವನ್ನು ನೌಕಾ ನಕ್ಷೆಗಳಲ್ಲಿ ಮತ್ತು ಮೀನುಗಾರರ ಜಿಪಿಎಸ್ ಪರದೆಗಳಲ್ಲಿ ಯಾರು ನಮೂದಿಸುತ್ತಾರೆ ಎಂದು ಬರೆಯಿರಿ. ಹೂಳಿದ ಕೊಳವೆ ಎಷ್ಟು ಮೀಟರ್ ತೆರೆದುಕೊಂಡರೆ ಸರಿಪಡಿಸಬೇಕು, ಕೆಳಗೆ ಎಷ್ಟು ಎತ್ತರದ ಟೊಳ್ಳು ಬಿದ್ದರೆ ಅಪಾಯ, ಸುದ್ದಿ ಬಂದ ಎಷ್ಟು ದಿನದಲ್ಲಿ ಹಡಗು ಹೊರಡಬೇಕು, ಅದರ ಬಿಲ್ ಯಾವ ಖಾತೆಗೆ ಎಂಬುದನ್ನು ಸಹಿ ಬೀಳುವ ಮೊದಲೇ ಅದೇ ಕಡತದಲ್ಲಿ ಸೇರಿಸಿ.